ಶಿಲೀಂಧ್ರದ ಬಣ್ಣ, ಅದರ ಬೆನ್ನಿಗಿರುವ ವಿಷ: ಓದುಗರ ಪ್ರಶ್ನೆಗಳಿಗೆ ಉತ್ತರ

ಆಹಾರಕ್ಕೆ ಬೆರೆಸುವ ನೈಸರ್ಗಿಕ ಬಣ್ಣಗಳನ್ನು ಕುರಿತು ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಶಿಲೀಂಧ್ರಗಳಿಂದ, ಅಂದರೆ ಬೂಷ್ಟುಗಳಿಂದ, ತೆಗೆಯುವ ಬಣ್ಣಗಳ ಬಗ್ಗೆ ಕೇಳಿದವರೇ ಹೆಚ್ಚು. ಅವುಗಳಿಂದ ಐದು ಪ್ರಶ್ನೆಗಳನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಮೊದಲ ಪ್ರಶ್ನೆಯ ಉತ್ತರ ದೀರ್ಘವಾಗಿದೆ. ಉಳಿದವಕ್ಕೆಲ್ಲ ಅದೇ ಬುನಾದಿಯಾದ್ದರಿಂದ ಅದನ್ನು ಬಿಡದೆ ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ನಾನು ಸೂಕ್ಷ್ಮಜೀವಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಮೊನಾಸ್ಕಸ್ ಎಂಬ ಬೂಷ್ಟಿನಿಂದ ಕೆಂಪು ಬಣ್ಣ ತೆಗೆಯುವ ಯೋಜನೆಯೊಂದನ್ನು ಕೈಗೆತ್ತಿಕೊಂಡಿದ್ದೇನೆ. ಇದೇ ಬೂಷ್ಟು ಸಿಟ್ರಿನಿನ್ ಎಂಬ ವಿಷವನ್ನೂ ತಯಾರಿಸುತ್ತದೆ ಎಂದು ಓದಿದೆ. ಬಣ್ಣವನ್ನು ಉಳಿಸಿಕೊಂಡು ವಿಷವನ್ನು ಮಾತ್ರ ತಗ್ಗಿಸುವುದು ನಿಜವಾಗಿಯೂ ಸಾಧ್ಯವೇ?

ಉತ್ತರ: ಸಾಧ್ಯವಿದೆ. ಆದರೆ ಆ ಕೆಲಸದ ಬಹುಪಾಲು ನೀವು ಹುದುಗುಪಾತ್ರೆಗೆ ಬೀಜಕ ಹಾಕುವ ಮೊದಲೇ, ಯಾವ ತಳಿಯನ್ನು ಆರಿಸಿಕೊಳ್ಳುತ್ತೀರಿ ಎಂಬಲ್ಲಿಯೇ, ಮುಗಿದುಹೋಗಿರುತ್ತದೆ.

ಮೊನಾಸ್ಕಸ್ ಕುಲವನ್ನು ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಫಿಲಿಪ್ ವಾನ್ ಟೀಘೆಮ್ ಅವರು 1884ರಲ್ಲಿ ಮೊದಲು ವಿವರಿಸಿದರು. ಪೂರ್ವ ಏಷ್ಯಾದ ಜನರಿಗಾದರೋ ಅದು ಅದಕ್ಕೂ ಎಷ್ಟೋ ಶತಮಾನ ಮೊದಲಿನಿಂದ ಪರಿಚಿತವಾಗಿತ್ತು. ಅಕ್ಕಿಯನ್ನು ನೆನೆಸಿ, ಕಾಳು ಕಾಳಾಗಿ ಬಿಡಿಯಾಗಿರುವಂತೆ ಹಬೆಯಲ್ಲಿ ಬೇಯಿಸಿ, ಆರಿದ ಮೇಲೆ ಬೂಷ್ಟನ್ನು ಬೆರೆಸಿಟ್ಟರೆ, ಆರಂಭದಲ್ಲಿ ಕಾಳಿನ ಮೇಲೆ ಬಿಳಿಯ ಎಳೆಗಳಷ್ಟೇ ಕಾಣುತ್ತವೆ. ಅನಂತರ ಕಿತ್ತಳೆಯ ಛಾಯೆ ಮೂಡಿ, ಕೆಲವು ದಿನಗಳಲ್ಲಿ ಅದು ನೇರಳೆ ಮಿಶ್ರಿತ ಕಡುಗೆಂಪಿಗೆ ತಿರುಗುತ್ತದೆ. ಚೆನ್ನಾಗಿ ಬೆಳೆದ ಕಾಳನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಬಣ್ಣ ಮೇಲ್ಪದರದಲ್ಲಿ ನಿಲ್ಲದೆ ನಡುವಿನವರೆಗೂ ಇಳಿದಿರುತ್ತದೆ. ನೀರು ಹೆಚ್ಚಾಗಿ ಅನ್ನ ಮುದ್ದೆಯಾದರೆ ಒಳಗೆ ಗಾಳಿಯಾಡದೆ ಬಣ್ಣ ಪೇಲವವಾಗಿಯೇ ಉಳಿಯುತ್ತದೆ.

ಈ ಕೆಂಪು ಒಂದೇ ವಸ್ತುವಿನದಲ್ಲ. ಮೊನಾಸ್ಕಸ್‌ನಲ್ಲಿ ಮುಖ್ಯವಾಗಿ ಆರು ವರ್ಣದ್ರವ್ಯಗಳನ್ನು ಗುರುತಿಸಲಾಗಿದೆ: ಹಳದಿಯ ಮೊನಾಸಿನ್ ಮತ್ತು ಅಂಕಾಫ್ಲೇವಿನ್, ಕಿತ್ತಳೆಯ ರುಬ್ರೊಪಂಕ್ಟಾಟಿನ್ ಮತ್ತು ಮೊನಾಸ್ಕೊರುಬ್ರಿನ್, ಕೆಂಪಿನ ರುಬ್ರೊಪಂಕ್ಟಾಮೀನ್ ಮತ್ತು ಮೊನಾಸ್ಕೊರುಬ್ರಮೀನ್. ಕಿತ್ತಳೆ ಅಣುವಿನ ಉಂಗುರದಲ್ಲಿರುವ ಒಂದು ಆಮ್ಲಜನಕದ ಜಾಗಕ್ಕೆ ಅಮೋನಿಯಾದಿಂದಲೋ ಅಮೈನೋ ಆಮ್ಲದಿಂದಲೋ ಬಂದ ಸಾರಜನಕ ಕೂತಾಗ ಕೆಂಪು ಅಣು ಹುಟ್ಟುತ್ತದೆ. ಆದ್ದರಿಂದ ಬೂಷ್ಟಿಗೆ ನೀವು ಉಣಿಸುವ ಸಾರಜನಕದ ಮೂಲ ಯಾವುದು ಎಂಬುದು ಬರಿಯ ಪೋಷಣೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಬಣ್ಣದ ಛಾಯೆಯನ್ನೂ ಅದು ನೀರಿನಲ್ಲಿ ಕರಗುತ್ತದೆಯೇ ಇಲ್ಲವೇ ಎಂಬುದನ್ನೂ ಅದೇ ನಿರ್ಧರಿಸುತ್ತದೆ.

ಇನ್ನು ವಿಷದ ವಿಚಾರ. ಸಿಟ್ರಿನಿನ್ ಅನ್ನು 1931ರಲ್ಲಿ ಪೆನಿಸಿಲಿಯಂ ಸಿಟ್ರಿನಂ ಎಂಬ ಬೇರೊಂದು ಬೂಷ್ಟಿನಿಂದ ಮೊದಲು ಬೇರ್ಪಡಿಸಲಾಯಿತು. ಅದು ಮುಖ್ಯವಾಗಿ ಮೂತ್ರಪಿಂಡಗಳಿಗೆ ಹಾನಿ ಮಾಡುವ ವಸ್ತು. ಮೊನಾಸ್ಕಸ್‌ನಲ್ಲಿಯೂ ಬ್ಯಾಕ್ಟೀರಿಯಾಗಳನ್ನು ತಡೆಯುವ ಅಂಶವೊಂದಿದೆ ಎಂಬುದು ಬಹಳ ಹಿಂದೆಯೇ ಗೊತ್ತಾಗಿ, ಅದನ್ನು ಮೊನಾಸಿಡಿನ್ ಎ ಎಂದು ಕರೆದು, ಆಹಾರ ಕೆಡದಂತೆ ಕಾಯುವ ಗುಣವೆಂದೇ ಎಣಿಸಲಾಗಿತ್ತು. ಆ ಮೊನಾಸಿಡಿನ್ ಎ ಮತ್ತು ಸಿಟ್ರಿನಿನ್ ಎರಡೂ ಒಂದೇ ಎಂದು 1995ರಲ್ಲಿ ಫ್ರಾನ್ಸಿನ ಸಂಶೋಧಕರು ತೋರಿಸಿಕೊಟ್ಟರು. ಶತಮಾನಗಳ ಬಳಕೆಯೇ ಸುರಕ್ಷತೆಗೆ ಸಾಕ್ಷಿ ಎಂದು ವಾದಿಸುವವರು ಈ ಸಂಗತಿಯನ್ನು ಗಮನಿಸಬೇಕು. ನಿಧಾನವಾಗಿ, ಸಣ್ಣ ಪ್ರಮಾಣದಲ್ಲಿ ಮೂತ್ರಪಿಂಡವನ್ನು ಬಾಧಿಸುವ ವಸ್ತುವನ್ನು ಬಳಕೆಯ ಅನುಭವ ಮಾತ್ರದಿಂದ ಪತ್ತೆ ಮಾಡುವುದು ಬಹಳ ಕಷ್ಟ.

ಬಣ್ಣವೂ ಸಿಟ್ರಿನಿನ್ನೂ ಪಾಲಿಕೀಟೈಡ್ ಎಂಬ ಒಂದೇ ಬಗೆಯ ರಾಸಾಯನಿಕ ದಾರಿಯಲ್ಲಿ, ಒಂದೇ ಬಗೆಯ ಸಣ್ಣ ಅಣುಗಳಿಂದ ತಯಾರಾಗುತ್ತವೆ. ಎರಡಕ್ಕೂ ಮೊದಲ ಹೆಜ್ಜೆಗಳು ಸಮಾನವೆಂದೂ ನಡುವೆ ಎಲ್ಲೋ ದಾರಿ ಕವಲೊಡೆಯುತ್ತದೆಂದೂ ಮೊದಲು ಭಾವಿಸಲಾಗಿತ್ತು. ಹಾಗಿದ್ದಲ್ಲಿ ಒಂದನ್ನು ತಡೆದರೆ ಇನ್ನೊಂದಕ್ಕೂ ಪೆಟ್ಟು ಬೀಳುವ ಸಾಧ್ಯತೆಯಿತ್ತು. ಜೀನುಗಳನ್ನು ಪರಿಶೀಲಿಸಿದಾಗ ಚಿತ್ರ ಬದಲಾಯಿತು. ಸಿಟ್ರಿನಿನ್ ತಯಾರಿಯ ಮುಖ್ಯ ಕಿಣ್ವಕ್ಕೆ ಕಾರಣವಾದ ಪಿಕೆಎಸ್‌ಸಿಟಿ ಎಂಬ ಜೀನನ್ನು 2005ರಲ್ಲಿ ಜಪಾನಿನ ಸಂಶೋಧಕರು ವರದಿ ಮಾಡಿದರು. ಬಣ್ಣದ ತಯಾರಿಗೆ ಬೇಕಾದ ಜೀನುಗಳ ಗುಂಪು ಬೇರೆಯೇ ಎಂಬುದು ಅನಂತರ ಸ್ಪಷ್ಟವಾಯಿತು. ಪಿಕೆಎಸ್‌ಸಿಟಿಯನ್ನು ನಿಷ್ಕ್ರಿಯಗೊಳಿಸಿದ ತಳಿಗಳಲ್ಲಿ ಸಿಟ್ರಿನಿನ್ ಬಹುಮಟ್ಟಿಗೆ ಇಲ್ಲವಾಗಿ ಬಣ್ಣ ಮಾತ್ರ ಉಳಿದುದು ಇದಕ್ಕೆ ಬಲವಾದ ಪುರಾವೆ. ನಿಮ್ಮ ಪ್ರಶ್ನೆಗೆ ನಾನು ಅಳುಕಿಲ್ಲದೆ ‘ಸಾಧ್ಯವಿದೆ’ ಎಂದದ್ದು ಈ ಕಾರಣಕ್ಕೆ.

ಜೀನು ತಿದ್ದುವ ಸೌಲಭ್ಯ ನಿಮಗಿಲ್ಲದಿದ್ದರೂ ಚಿಂತೆಯಿಲ್ಲ. ಸಿಟ್ರಿನಿನ್ ಜೀನುಗಳು ಸಹಜವಾಗಿಯೇ ಅಪೂರ್ಣವಾಗಿರುವ ತಳಿಗಳು ಪ್ರಕೃತಿಯಲ್ಲಿವೆ. ಮೊನಾಸ್ಕಸ್ ಪರ್ಪ್ಯೂರಿಯಸ್‌ನಲ್ಲಿ ಈ ಜೀನು ಸಾಮಾನ್ಯವಾಗಿ ಇರುತ್ತದೆ, ಮೊನಾಸ್ಕಸ್ ಪೈಲೋಸಸ್‌ನಲ್ಲಿ ಕೆಲಸ ಮಾಡುವ ಸ್ಥಿತಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಪ್ರಭೇದದ ಹೆಸರನ್ನಷ್ಟೇ ನಂಬಿ ಮುಂದುವರಿಯಬೇಡಿ. ಮೊನಾಸ್ಕಸ್ ರೂಬರ್‌ನ ಕೆಲವು ತಳಿಗಳು ಸಿಟ್ರಿನಿನ್ ತಯಾರಿಸುತ್ತವೆ, ಕೆಲವು ತಯಾರಿಸುವುದಿಲ್ಲ. ನಿಮ್ಮ ಕೈಯಲ್ಲಿರುವ ತಳಿಯಲ್ಲಿ ಜೀನು ಇದೆಯೇ ಎಂಬುದನ್ನು ಪಿಸಿಆರ್ ಪರೀಕ್ಷೆಯಿಂದ (ಡಿಎನ್‌ಎಯ ಬೇಕಾದ ತುಣುಕನ್ನು ಹಲವು ಪಟ್ಟು ನಕಲು ಮಾಡಿ ಪಟ್ಟಿಯಾಗಿ ಕಾಣಿಸುವ ವಿಧಾನ) ನೋಡಿ, ಜೊತೆಗೆ ಬೆಳೆದ ಬೂಷ್ಟಿನಲ್ಲಿ ಸಿಟ್ರಿನಿನ್ ಅನ್ನು ನೇರವಾಗಿ ಅಳೆದೂ ಖಚಿತಪಡಿಸಿಕೊಳ್ಳಿ. ಪಿಸಿಆರ್‌ನಲ್ಲಿ ಪಟ್ಟಿ ಮೂಡದಿರಲು ಜೀನಿನಲ್ಲಿ ಸಣ್ಣ ವ್ಯತ್ಯಾಸವಿದ್ದರೂ ಸಾಕು. ಆದ್ದರಿಂದ ಎರಡರಲ್ಲಿ ಒಂದನ್ನು ಮಾಡಿ ಇನ್ನೊಂದನ್ನು ಬಿಡುವುದು ಸರಿಯಲ್ಲ.

ತಳಿಯ ನಂತರ ಬರುವುದು ಬೆಳೆಸುವ ಕ್ರಮ. ಇಲ್ಲಿ ವಿದ್ಯಾರ್ಥಿಗಳು ಸುಲಭವಾಗಿ ಬೀಳುವ ಒಂದು ಬಲೆಯಿದೆ. ಗ್ಲುಟಮೇಟ್ ಎಂಬ ಅಮೈನೋ ಆಮ್ಲದ ಲವಣವನ್ನು ಸೇರಿಸಿದರೆ ನೀರಿನಲ್ಲಿ ಕರಗುವ ಕೆಂಪು ಚೆನ್ನಾಗಿ ಬರುತ್ತದೆ ಎಂಬುದು ನಿಜ, ಆದರೆ ಸಿಟ್ರಿನಿನ್ ತಯಾರಿಸುವ ತಳಿಯಲ್ಲಿ ಅದರ ಜೊತೆಗೇ ವಿಷವೂ ಏರಬಹುದು. ಬಣ್ಣದ ಅಂಕಿಯನ್ನು ಮಾತ್ರ ಬರೆದುಕೊಂಡವರಿಗೆ ಆ ಪ್ರಯೋಗ ಯಶಸ್ವಿಯಾಗಿಯೇ ಕಾಣುತ್ತದೆ. ಅದರ ಬದಲು ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಸಾರಜನಕದ ಮೂಲವಾಗಿ ಕೊಟ್ಟಾಗ ಕೆಂಪು ಉಳಿದು ಸಿಟ್ರಿನಿನ್ ಬಹಳ ಕಡಿಮೆಯಾದುದನ್ನು ಫ್ರಾನ್ಸಿನ ಅದೇ ಸಂಶೋಧಕರ ಬಳಗ ತೋರಿಸಿದೆ. ಹಿಸ್ಟಿಡಿನ್ ಅನ್ನು ಬೂಷ್ಟು ಜೀರ್ಣಿಸಿಕೊಳ್ಳುವಾಗ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್ ಸಿಟ್ರಿನಿನ್ ಅನ್ನು ಒಡೆಯುತ್ತದೆ ಎಂಬುದು ಅವರ ವಿವರಣೆ. ಬೂಷ್ಟು ಬೆಳೆಯುವ ಮಾಧ್ಯಮದ ಪಿಎಚ್ (ಆಮ್ಲೀಯತೆಯ ಅಳತೆ), ಉಷ್ಣತೆ, ಬೆಳಕು, ಗಾಳಿಯ ಪೂರೈಕೆ ಇವೆಲ್ಲವೂ ಬಣ್ಣ ಮತ್ತು ವಿಷದ ಅನುಪಾತವನ್ನು ಬದಲಿಸುತ್ತವೆ, ಮತ್ತು ಒಂದು ತಳಿಗೆ ಹೊಂದಿದ ಸೂತ್ರ ಇನ್ನೊಂದಕ್ಕೆ ಹೊಂದಬೇಕೆಂದಿಲ್ಲ. ಅಲುಗಾಡುವ ಗಾಜಿನ ಫ್ಲಾಸ್ಕಿನಲ್ಲಿ ಬಂದ ಅನುಪಾತ ದೊಡ್ಡ ತೊಟ್ಟಿಯಲ್ಲಿ ಹಾಗೆಯೇ ಬರುವುದಿಲ್ಲ. ಅಲ್ಲಿ ಆಮ್ಲಜನಕ ಕರಗುವ ವೇಗವೇ ಬೇರೆ.

ಕೊನೆಯದಾಗಿ ಅಳತೆ. ಬಣ್ಣವನ್ನು ಸ್ಪೆಕ್ಟ್ರೊಫೋಟೊಮೀಟರ್ ಎಂಬ, ದ್ರಾವಣ ಎಷ್ಟು ಬೆಳಕು ಹೀರುತ್ತದೆಂದು ಅಳೆಯುವ ಉಪಕರಣದಲ್ಲಿ, ಕೆಂಪಿಗೆ ಸುಮಾರು 500 ನ್ಯಾನೊಮೀಟರ್ ಮತ್ತು ಹಳದಿಗೆ ಸುಮಾರು 400 ನ್ಯಾನೊಮೀಟರ್ ಬೆಳಕಿನಲ್ಲಿ, ಅಳೆಯುವ ರೂಢಿಯಿದೆ. ಸಿಟ್ರಿನಿನ್ ಕೂಡ ಹಳದಿ ವಸ್ತುವೇ ಆಗಿರುವುದರಿಂದ ಕಣ್ಣಿಗಾಗಲಿ ಈ ಉಪಕರಣಕ್ಕಾಗಲಿ ಅದು ಬೇರೆಯಾಗಿ ಕಾಣುವುದಿಲ್ಲ. ನೇರಳಾತೀತ ಬೆಳಕಿನಲ್ಲಿ ಅದು ಹೊಳೆಯುವ ಗುಣವನ್ನು ಬಳಸಿಕೊಂಡು ಎಚ್‌ಪಿಎಲ್‌ಸಿ ಎಂಬ, ಮಿಶ್ರಣದ ಅಣುಗಳನ್ನು ಬಿಡಿಬಿಡಿಯಾಗಿಸುವ ಉಪಕರಣದಲ್ಲಿ ಬೇರ್ಪಡಿಸಿಯೇ ಅಳೆಯಬೇಕು. ನಿಮ್ಮ ಪ್ರಬಂಧದಲ್ಲಿ ಒಂದು ಅಂಕಣವನ್ನು ಹೆಚ್ಚಾಗಿ ಸೇರಿಸಿ ಎಂದು ಒತ್ತಿ ಹೇಳುತ್ತೇನೆ: ಪ್ರತಿ ಘಟಕ ಬಣ್ಣಕ್ಕೆ ಎಷ್ಟು ಸಿಟ್ರಿನಿನ್ ಇದೆ ಎಂಬುದು. ಪುಡಿಗೆ ಪಿಷ್ಟ ಬೆರೆಸಿದರೆ ಕಿಲೋಗ್ರಾಂ ಲೆಕ್ಕದ ವಿಷ ಇಳಿದಂತೆ ಕಾಣುತ್ತದೆ. ಆದರೆ ಬಣ್ಣವೂ ಅಷ್ಟೇ ಇಳಿದಿರುವುದರಿಂದ ಬಳಸುವವರು ಅದೇ ಕೆಂಪಿಗಾಗಿ ಹೆಚ್ಚು ಪುಡಿ ಹಾಕುತ್ತಾರೆ, ಮತ್ತು ತಟ್ಟೆಗೆ ಬರುವ ವಿಷ ಮೊದಲಿನಷ್ಟೇ ಇರುತ್ತದೆ.

ಪ್ರಶ್ನೆ: ವಿಷ ಬಂದರೂ ಬರಲಿ, ಕೊನೆಯಲ್ಲಿ ಕಾಯಿಸಿಯೋ ಸೋಸಿಯೋ ತೆಗೆದುಹಾಕಿದರೆ ಆಗದೇ? ಸಣ್ಣ ಪ್ರಮಾಣದಲ್ಲಿ ಬಣ್ಣ ತಯಾರಿಸುವ ಆಲೋಚನೆಯಿರುವ ನನಗೆ ತಳಿ ಪರೀಕ್ಷೆಗಿಂತ ಅದೇ ಸುಲಭವೆನಿಸುತ್ತದೆ.

ಉತ್ತರ: ಸುಲಭವೆಂದು ಕಾಣುತ್ತದೆ, ಆದರೆ ಅದನ್ನು ಮೊದಲ ರಕ್ಷಣೆಯಾಗಿ ನೆಚ್ಚಿಕೊಳ್ಳಬೇಡಿ. ಒಣಗಿದ ಸಿಟ್ರಿನಿನ್ ಒಡೆಯಲು ಸುಮಾರು 175 ಡಿಗ್ರಿ ಸೆಲ್ಸಿಯಸ್ ಬೇಕು. ನೀರಿನಂಶವಿದ್ದಾಗ ಸುಮಾರು 140 ಡಿಗ್ರಿಯಲ್ಲಿ ಅದು ಒಡೆಯಲು ತೊಡಗುತ್ತದೆ. ಸಾಮಾನ್ಯ ಕುದಿಯುವ ನೀರಿನ ಉಷ್ಣತೆ ಇದಕ್ಕೆ ಸಾಲದು. ಅದಕ್ಕಿಂತ ಮುಖ್ಯವಾದುದೆಂದರೆ ಒಡೆದ ಮೇಲೆ ಹುಟ್ಟುವ ವಸ್ತುಗಳೆಲ್ಲ ನಿರಪಾಯಕಾರಿಯಲ್ಲ. ಸಿಟ್ರಿನಿನ್ ಎಚ್2 ಎಂಬುದು ಮೂಲ ವಿಷಕ್ಕಿಂತ ಸೌಮ್ಯವಾದರೆ, ಸಿಟ್ರಿನಿನ್ ಎಚ್1 ಎಂಬುದು ಜೀವಕೋಶಗಳ ಮೇಲೆ ಅದಕ್ಕಿಂತಲೂ ತೀವ್ರವಾಗಿ ಕೆಲಸ ಮಾಡುತ್ತದೆ. ಹಾಗಾಗಿ ಕಾಯಿಸಿದ ನಂತರ ಸಿಟ್ರಿನಿನ್ ಸಿಗಲಿಲ್ಲವೆಂಬ ವರದಿಯನ್ನು ಹಿಡಿದು ಪದಾರ್ಥ ಸುರಕ್ಷಿತವೆಂದು ಹೇಳಲಾಗದು.

ರಾಳಗಳಿಂದ ಹೀರಿಸುವುದು, ಬೇರೆ ಬೇರೆ ಪಿಎಚ್‌ಗಳಲ್ಲಿ ದ್ರಾವಕಗಳಿಂದ ತೊಳೆಯುವುದು ಮುಂತಾದ ಕ್ರಮಗಳಿವೆ. ಅವು ಸ್ವಲ್ಪ ವಿಷವನ್ನು ಮತ್ತಷ್ಟು ಸ್ವಲ್ಪ ಮಾಡಲು ಒದಗುತ್ತವೆ, ಜೊತೆಗೆ ಬಣ್ಣವನ್ನೂ ಒಂದಿಷ್ಟು ಕಳೆಯುತ್ತವೆ. ಹೆಚ್ಚು ವಿಷ ತಯಾರಿಸುವ ತಳಿಯನ್ನು ಇಟ್ಟುಕೊಂಡು ಪ್ರತಿ ಬ್ಯಾಚಿನಲ್ಲಿಯೂ ಅದರೊಂದಿಗೆ ಸೆಣಸುವುದಕ್ಕಿಂತ, ಮೊದಲಿಗೆ ಒಮ್ಮೆ ಖರ್ಚು ಮಾಡಿ ವಿಷರಹಿತ ತಳಿಯನ್ನು ಸಂಪಾದಿಸುವುದು ಒಟ್ಟಾರೆ ಅಗ್ಗವೆಂದು ನನ್ನ ಸ್ಪಷ್ಟ ಅಭಿಪ್ರಾಯ. ಗುರುತಿಸಲ್ಪಟ್ಟ ಸೂಕ್ಷ್ಮಜೀವಿ ಸಂಗ್ರಹಾಲಯದಿಂದ ತಳಿ ತರಿಸಿ. ಬಂದ ಕೂಡಲೇ ಅದರ ಹಲವು ಪ್ರತಿಗಳನ್ನು ಶೈತ್ಯದಲ್ಲಿ ಒಣಗಿಸಿಯೋ ಮೈನಸ್ 80 ಡಿಗ್ರಿಯಲ್ಲಿಯೋ ಕಾಪಿಡಿ. ತಟ್ಟೆಯಿಂದ ತಟ್ಟೆಗೆ ಮತ್ತೆ ಮತ್ತೆ ದಾಟಿಸುತ್ತ ಹೋದರೆ ಬೂಷ್ಟು ಕ್ರಮೇಣ ಬದಲಾಗುತ್ತದೆ. ಮೊದಲು ಬಣ್ಣ ಕುಂದುತ್ತದೆ, ಮತ್ತೇನು ಬದಲಾಯಿತೆಂಬುದು ಅಳೆಯದ ಹೊರತು ತಿಳಿಯದು.

ಇನ್ನೊಂದು ವಸ್ತುವಿನ ಬಗ್ಗೆಯೂ ನೀವು ಎಚ್ಚರದಿಂದಿರಬೇಕು. ಮೊನಾಸ್ಕಸ್‌ನ ಕೆಲವು ತಳಿಗಳು ಮೊನಾಕೊಲಿನ್ ಕೆ ಎಂಬುದನ್ನು ತಯಾರಿಸುತ್ತವೆ. ಜಪಾನಿನ ಅಕಿರಾ ಎಂಡೊ ಅವರು 1979ರಲ್ಲಿ ಮೊನಾಸ್ಕಸ್ ರೂಬರ್‌ನಿಂದ ಇದನ್ನು ಬೇರ್ಪಡಿಸಿದರು. ಕೊಲೆಸ್ಟರಾಲ್ ಇಳಿಸಲು ವೈದ್ಯರು ಬರೆದುಕೊಡುವ ಲೊವಾಸ್ಟಾಟಿನ್ ಮಾತ್ರೆಯಲ್ಲಿರುವುದೂ ಇದೇ ಅಣು. ಅದು ಔಷಧ, ವಿಷವಲ್ಲ ಎಂದು ಸಮಾಧಾನಪಡುವಂತಿಲ್ಲ. ಬಣ್ಣಕ್ಕೆಂದು ತಿನಿಸಿಗೆ ಹಾಕಿದ ಪುಡಿಯಲ್ಲಿ ಪ್ರಮಾಣ ಗೊತ್ತಿಲ್ಲದ ಔಷಧವಿರುವುದು, ಅದರಲ್ಲೂ ಗರ್ಭಿಣಿಯರಿಗೆ ಮತ್ತು ಅಂಥದೇ ಮಾತ್ರೆ ಈಗಾಗಲೇ ನುಂಗುತ್ತಿರುವವರಿಗೆ, ಅಪಾಯವೇ.

ಪ್ರಶ್ನೆ: ಬೇಯಿಸಿಟ್ಟ ಆಹಾರದ ಮೇಲೆ ತಾನಾಗಿಯೇ ಕೆಂಪು ಅಥವಾ ಗುಲಾಬಿ ಬಣ್ಣದ ಬೂಷ್ಟು ಬಂದರೆ ಅದೂ ಇದೇ ಅಲ್ಲವೇ? ಅದನ್ನು ಬಳಸಬಹುದೇ?

ಉತ್ತರ: ಖಂಡಿತ ಬೇಡ. ಗುಲಾಬಿಯೋ ಕೆಂಪೋ ಆದ ಬೆಳವಣಿಗೆ ಫ್ಯುಸೇರಿಯಂ ಇರಬಹುದು, ನ್ಯೂರೊಸ್ಪೊರಾ ಇರಬಹುದು, ಶಿಲೀಂಧ್ರವೇ ಅಲ್ಲದ ಬ್ಯಾಕ್ಟೀರಿಯಾ ಕೂಡ ಇರಬಹುದು. ಬಣ್ಣದಿಂದ ಅವುಗಳನ್ನು ಗುರುತಿಸಲಾಗದು. ಫ್ಯುಸೇರಿಯಂನ ಹಲವು ಪ್ರಭೇದಗಳು ಸುಂದರ ಕೆಂಪು ವರ್ಣದ್ರವ್ಯಗಳ ಜೊತೆಗೆ ಫ್ಯುಮೊನಿಸಿನ್‌ನಂಥ ವಿಷಗಳನ್ನೂ ತಯಾರಿಸುತ್ತವೆ. ಕೆಲವೊಮ್ಮೆ ಬಣ್ಣವೇ ವಿಷವಾಗಿರುತ್ತದೆ: ಅಕ್ಕಿಯನ್ನು ಹಳದಿಗಟ್ಟಿಸುವ ಪೆನಿಸಿಲಿಯಂ ಇಸ್ಲಾಂಡಿಕಂ ಎಂಬ ಬೂಷ್ಟಿನ ಲ್ಯೂಟಿಯೊಸ್ಕೈರಿನ್ ಹಳದಿ ವರ್ಣದ್ರವ್ಯವೂ ಹೌದು, ಯಕೃತ್ತಿಗೆ ಮಾರಕವಾದ ವಿಷವೂ ಹೌದು. ಅಂಥ ಆಹಾರವನ್ನು ಮೇಲಿನ ಪದರ ತೆಗೆದು ಉಳಿದದ್ದನ್ನು ತಿನ್ನುವುದೂ ಸಲ್ಲದು. ಪೂರ್ತಿ ಎಸೆಯಿರಿ.

ಪ್ರಶ್ನೆ: ಇಷ್ಟೆಲ್ಲ ತೊಂದರೆಯಿದ್ದರೆ ಶಿಲೀಂಧ್ರದ ಬಣ್ಣಗಳ ಗೊಡವೆಯೇ ಬೇಡವೆನಿಸುತ್ತದೆ. ವಿಷದ ಭಯವಿಲ್ಲದ ಶಿಲೀಂಧ್ರಗಳು ಇಲ್ಲವೇ?

ಉತ್ತರ: ಇವೆ, ಮತ್ತು ಅವುಗಳ ಬಣ್ಣವನ್ನು ನೀವು ಈಗಾಗಲೇ ತಿಂದಿರುವ ಸಾಧ್ಯತೆಯೂ ಇದೆ. ಬ್ಲೇಕ್ಸ್ಲಿಯಾ ಟ್ರೈಸ್ಪೊರಾ ಎಂಬ ಶಿಲೀಂಧ್ರದಿಂದ ಕ್ಯಾರೆಟ್ಟಿನಲ್ಲಿರುವ ಬೀಟಾ ಕ್ಯಾರೊಟಿನ್ ಅನ್ನೇ ಕೈಗಾರಿಕಾ ಪ್ರಮಾಣದಲ್ಲಿ ತಯಾರಿಸುತ್ತಾರೆ. ಐರೋಪ್ಯ ಒಕ್ಕೂಟ ಅದಕ್ಕೆ 2001ರಲ್ಲಿ ಒಪ್ಪಿಗೆ ಕೊಟ್ಟಿತು. ಈ ಶಿಲೀಂಧ್ರದಲ್ಲಿ ಪ್ಲಸ್ ಮತ್ತು ಮೈನಸ್ ಎಂದು ಕರೆಯುವ ಒಂದಕ್ಕೊಂದು ಜೋಡಿಯಾಗುವ ಎರಡು ಬಗೆಯ ತಳಿಗಳಿದ್ದು, ಎರಡನ್ನೂ ಒಟ್ಟಿಗೆ ಬೆಳೆಸಿದಾಗ ಅವು ಟ್ರೈಸ್ಪೊರಿಕ್ ಆಮ್ಲವೆಂಬ ಸಂಕೇತವಸ್ತುವನ್ನು ಹೊರಡಿಸುತ್ತವೆ, ಅದರ ಪ್ರಚೋದನೆಯಿಂದ ಕ್ಯಾರೊಟಿನ್ ತಯಾರಿ ಒಂಟಿಯಾಗಿ ಬೆಳೆದಾಗಿನದಕ್ಕಿಂತ ಹಲವು ಪಟ್ಟು ಹೆಚ್ಚುತ್ತದೆ. ಕ್ಯಾರೊಟಿನ್ ಆಗುವ ಕೊನೆಯ ಹೆಜ್ಜೆಯನ್ನು ತಡೆದರೆ ಅದೇ ಶಿಲೀಂಧ್ರ ಟೊಮೆಟೊದ ಕೆಂಪಾದ ಲೈಕೊಪಿನ್ ಅನ್ನು ಕೂಡಿಡುತ್ತದೆ. ಆಶ್ಬ್ಯಾ ಗಾಸಿಪಿ ಎಂಬುದು ಹತ್ತಿ ಗಿಡದ ರೋಗಕಾರಕ. ಅದು ಹಳದಿ ಬಣ್ಣದ ರೈಬೊಫ್ಲೇವಿನ್ ಅನ್ನು, ಅಂದರೆ ಬಿ2 ಜೀವಸತ್ವವನ್ನು, ಹೇರಳವಾಗಿ ತಯಾರಿಸುತ್ತದೆ. ಈ ಬಣ್ಣಗಳ ಅನುಕೂಲವೇನೆಂದರೆ ಅಣು ಯಾವುದೆಂದು ಮೊದಲೇ ಗೊತ್ತು, ಅದನ್ನು ಶುದ್ಧ ಹರಳಾಗಿ ತೆಗೆಯಬಹುದು.

ಕೆಂಪಿನ ವಿಷಯದಲ್ಲಿ ಭರವಸೆ ಮೂಡಿಸಿರುವುದು ಟ್ಯಾಲರೊಮೈಸಿಸ್ ಅಟ್ರೊರೋಸಿಯಸ್. 2013ರಲ್ಲಿ ಹೊಸ ಪ್ರಭೇದವಾಗಿ ವಿವರಿಸಲಾದ ಇದು ಮೊನಾಸ್ಕಸ್ ಮಾದರಿಯ ಕೆಂಪನ್ನು ತಯಾರಿಸುತ್ತದೆ, ಆದರೆ ಗೊತ್ತಿರುವ ಶಿಲೀಂಧ್ರ ವಿಷಗಳನ್ನು ತಯಾರಿಸುವುದು ಕಂಡುಬಂದಿಲ್ಲ. ಇದರ ಹತ್ತಿರದ ನೆಂಟನಾದ ಟ್ಯಾಲರೊಮೈಸಿಸ್ ಪರ್ಪ್ಯೂರಿಯೊಜೀನಸ್ ನೋಡಲು ಬಹುತೇಕ ಹೀಗೆಯೇ ಇದ್ದು, ರುಬ್ರಟಾಕ್ಸಿನ್ ಎಂಬ ಯಕೃತ್ತಿನ ವಿಷವನ್ನು ತಯಾರಿಸುತ್ತದೆ. ಹಳೆಯ ಪ್ರಯೋಗ ವರದಿಗಳಲ್ಲಿ ಇವೆರಡೂ ಒಂದೇ ಹೆಸರಿನಡಿ ಬೆರೆತುಹೋಗಿವೆ. ಆದ್ದರಿಂದ ಹಳೆಯ ವರದಿಯೊಂದನ್ನು ಓದಿ ತಳಿ ಹುಡುಕುವವರು ಡಿಎನ್‌ಎ ಆಧಾರದ ಗುರುತನ್ನು ಕೇಳದೆ ಮುಂದಡಿ ಇಡಬಾರದು.

ಪ್ರಶ್ನೆ: ರೆಡ್ ಯೀಸ್ಟ್ ರೈಸ್ (ಮೊನಾಸ್ಕಸ್ ಬೆಳೆಸಿದ ಕೆಂಪು ಅಕ್ಕಿ) ಎಂಬ ಹೆಸರಿನ ಪುಡಿ, ಮಾತ್ರೆಗಳ ಮೇಲೆ ‘ಸಿಟ್ರಿನಿನ್ ರಹಿತ’ ಎಂದು ಬರೆದಿರುತ್ತದೆ. ಅದನ್ನು ನಂಬಬಹುದೇ? ಎಷ್ಟಿದ್ದರೆ ಅಪಾಯ?

ಉತ್ತರ: ‘ರಹಿತ’ ಎಂಬ ಮಾತಿಗೆ ಪರೀಕ್ಷೆ ಎಷ್ಟು ಸೂಕ್ಷ್ಮವಾಗಿತ್ತೋ ಅಷ್ಟೇ ಬೆಲೆ. ಎಷ್ಟು ಮೈಕ್ರೊಗ್ರಾಂಗಿಂತ ಕೆಳಗೆ ಎಂಬ ಅಂಕಿಯೂ, ಬ್ಯಾಚಿನ ಸಂಖ್ಯೆಯೂ ವರದಿಯಲ್ಲಿರಬೇಕು.

ಪ್ರಮಾಣದ ಅಂದಾಜಿಗೆ ಯುರೋಪಿನ ಉದಾಹರಣೆ ನೋಡಿ. ಅಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರ 2012ರಲ್ಲಿ, ಮೂತ್ರಪಿಂಡದ ಹಾನಿಯ ಮಟ್ಟಿಗೆ, ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 0.2 ಮೈಕ್ರೊಗ್ರಾಂ ಸಿಟ್ರಿನಿನ್ ಆತಂಕಕ್ಕೆ ಕಾರಣವಾಗದ ಮಟ್ಟವೆಂದು ಹೇಳಿತು. 60 ಕಿಲೋಗ್ರಾಂ ತೂಕದವರಿಗೆ ಅದು ದಿನಕ್ಕೆ 12 ಮೈಕ್ರೊಗ್ರಾಂ ಆಗುತ್ತದೆ. ಈ ಉತ್ಪನ್ನಗಳಿಗೆ ಅಲ್ಲಿ ಮೊದಲಿದ್ದ ಮಿತಿ ಕಿಲೋಗ್ರಾಂಗೆ 2000 ಮೈಕ್ರೊಗ್ರಾಂ. ಅಂಥ ಪುಡಿಯ ಆರು ಗ್ರಾಂ ತಿಂದರೆ ಆ 12 ಮೈಕ್ರೊಗ್ರಾಂ ತುಂಬಿಬಿಡುತ್ತದೆ, ಬೇರೆ ಧಾನ್ಯಗಳಿಂದ ಬರಬಹುದಾದ ಸಿಟ್ರಿನಿನ್‌ಗೆ ಜಾಗವೇ ಉಳಿಯುವುದಿಲ್ಲ. ಅದಲ್ಲದೆ ವಂಶವಾಹಿಗಳ ಮೇಲೆ ಅದರ ದುಷ್ಪರಿಣಾಮದ ಸಾಧ್ಯತೆಯನ್ನು ತಳ್ಳಿಹಾಕಲಾಗದೆಂದು ಪ್ರಾಧಿಕಾರವೇ ಹೇಳಿತ್ತು. 2020ರ ಏಪ್ರಿಲ್‌ನಿಂದ ಆ ಮಿತಿಯನ್ನು 100 ಮೈಕ್ರೊಗ್ರಾಂಗೆ ಇಳಿಸಲಾಯಿತು. ಅದೇ ಆರು ಗ್ರಾಂನಲ್ಲಿ ಈಗ ಗರಿಷ್ಠ 0.6 ಮೈಕ್ರೊಗ್ರಾಂ ಮಾತ್ರ. ಈ ಮಿತಿಗಳು ಪೂರಕ ಆಹಾರಕ್ಕೆ ಸಂಬಂಧಿಸಿದವು ಎಂಬುದನ್ನು ನೆನಪಿಡಿ. ಚೀನಾ, ಜಪಾನುಗಳಲ್ಲಿ ಬಳಕೆಯಲ್ಲಿರುವ ಮೊನಾಸ್ಕಸ್ ಬಣ್ಣಕ್ಕೆ ಆಹಾರದ ಬಣ್ಣವಾಗಿ ಐರೋಪ್ಯ ಒಕ್ಕೂಟದಲ್ಲಾಗಲಿ ಅಮೆರಿಕದಲ್ಲಾಗಲಿ ಅನುಮತಿಯಿಲ್ಲ.

ಸಿಟ್ರಿನಿನ್ ಇಲ್ಲವೆಂಬುದು ನಿಜವಾದರೂ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. 2024ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಕೆಂಪು ಬೂಷ್ಟಿನ ಅಕ್ಕಿಯಿಂದ ಮಾಡಿದ ಪೂರಕ ಮಾತ್ರೆಗಳನ್ನು ಸೇವಿಸಿದ ಹಲವರಿಗೆ ಮೂತ್ರಪಿಂಡದ ತೊಂದರೆ ಉಂಟಾದದ್ದು ಬೆಳಕಿಗೆ ಬಂತು. ಅಲ್ಲಿ ಬಳಸಿದ್ದು ಸಿಟ್ರಿನಿನ್ ತಯಾರಿಸಲಾರದ ತಳಿ. ತನಿಖೆಯಲ್ಲಿ ಸಿಕ್ಕಿದ್ದು ಪ್ಯುಬೆರುಲಿಕ್ ಆಮ್ಲವೆಂಬ ಬೇರೆಯೇ ವಸ್ತು, ಅದನ್ನು ತಯಾರಿಸಿದ್ದು ಕಾರ್ಖಾನೆಯೊಳಗೆ ಸೇರಿಕೊಂಡಿದ್ದ ಪೆನಿಸಿಲಿಯಂ ಜಾತಿಯ ನೀಲಿ ಬೂಷ್ಟು. ಮೊನಾಸ್ಕಸ್ ನಿಧಾನವಾಗಿ ಬೆಳೆಯುವ ಬೂಷ್ಟು, ಅಕ್ಕಿಯ ಮೇಲೆ ಅದನ್ನು ದಿನಗಟ್ಟಲೆ ಬೆಳೆಯಲು ಬಿಡಬೇಕಾಗುತ್ತದೆ, ಆ ಅವಧಿಯಲ್ಲಿ ವೇಗವಾಗಿ ಬೆಳೆಯುವ ಬೇರೆ ಬೂಷ್ಟಿನ ಬೀಜಕಗಳು ಒಳಸೇರಿದರೆ ಅವಕ್ಕೂ ಅದೇ ಅನ್ನ, ಅದೇ ತೇವ, ಅದೇ ಬೆಚ್ಚನೆ ಸಿಗುತ್ತದೆ. ಕಡುಗೆಂಪು ರಾಶಿಯಲ್ಲಿ ನೀಲಿಯ ಸಣ್ಣ ಚುಕ್ಕೆ ಕಣ್ಣಿಗೆ ಬೀಳದೆ ಹೋಗುವುದು ಸುಲಭ, ರುಬ್ಬಿ ಪುಡಿ ಮಾಡಿದ ಮೇಲಂತೂ ಅದರ ಗುರುತೇ ಉಳಿಯುವುದಿಲ್ಲ.

ಆದ್ದರಿಂದ ತಯಾರಕರನ್ನು ಕೇಳಬೇಕಾದದ್ದು ಒಂದು ವಿಷದ ವರದಿಯನ್ನಷ್ಟೇ ಅಲ್ಲ. ತಳಿಯ ಗುರುತು ಯಾವುದು, ಬೆಳೆಸುವಾಗ ಬೇರೆ ಬೂಷ್ಟು ಸೇರಿಲ್ಲವೆಂದು ಹೇಗೆ ನೋಡಿದಿರಿ, ಪ್ರತಿ ಬ್ಯಾಚಿನಲ್ಲಿ ನಿರೀಕ್ಷಿಸದ ವಸ್ತುಗಳ ಸುಳಿವು ಸಿಗುವಂತೆ ಮಾಸ್ ಸ್ಪೆಕ್ಟ್ರೊಮೆಟ್ರಿಯ (ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ವಿಧಾನದ) ಚಿತ್ರವನ್ನು ಹಿಂದಿನ ಬ್ಯಾಚುಗಳ ಜೊತೆ ಹೋಲಿಸುತ್ತೀರಾ ಎಂದು ಕೇಳಿ. ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆಯಿರುವವರು, ಕೊಲೆಸ್ಟರಾಲಿಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಇಂಥ ಪೂರಕಗಳನ್ನು ಸೇವಿಸಲೇಬಾರದು. ಈಗಾಗಲೇ ಸೇವಿಸುತ್ತಿದ್ದು ಮೂತ್ರ ನೊರೆಯಾಗುವುದು, ಪ್ರಮಾಣ ಕಡಿಮೆಯಾಗುವುದು, ಕಾಲು ಅಥವಾ ಮುಖ ಊದುವುದು, ಕಾರಣವಿಲ್ಲದ ದಣಿವು ಇವುಗಳಲ್ಲಿ ಯಾವುದಾದರೂ ಕಂಡರೆ ಕೂಡಲೇ ನಿಲ್ಲಿಸಿ, ಡಬ್ಬಿಯನ್ನು ಎಸೆಯದೆ ಜೊತೆಗೆ ಒಯ್ದು ವೈದ್ಯರಿಗೆ ತೋರಿಸಿ.